ಎದುರಿಗೆ ಬಾರದವರ ಸಹಿಗೆ ಬಿದ್ದ ಮೊಹರು: ನೋಟರಿ ವಕೀಲರ ಮೇಲಿನ ಶಿಸ್ತುಕ್ರಮದ ಕುರಿತು

ಆಸ್ತಿಪತ್ರದ ಮೇಲೆ ನೋಟರಿಯ ಮೊಹರು ಬಿದ್ದ ಮಾತ್ರಕ್ಕೆ ಆಸ್ತಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದ ಮೂಲಕವೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಕಲಂ ಹೇಳುತ್ತದೆ. ಜಿಪಿಎ (ಮಾಲೀಕನ ಪರವಾಗಿ ವ್ಯವಹರಿಸಲು ಕೊಡುವ ಸಾಮಾನ್ಯ ಅಧಿಕಾರ ಪತ್ರ), ಕ್ರಯದ ಕರಾರು ಮತ್ತು ಉಯಿಲು ಈ ಮೂರನ್ನು ಒಟ್ಟುಗೂಡಿಸಿ ಮಾಡುವ ವ್ಯವಹಾರದಿಂದ ಮಾಲೀಕತ್ವ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಇಷ್ಟಾದರೂ ನಮ್ಮ ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲಿ ದಿನ ಬೆಳಗಾದರೆ ಛಾಪಾ ಕಾಗದ ಹಿಡಿದುಕೊಂಡು ನೋಟರಿಯ ಮೇಜಿನ ಮುಂದೆ ನಿಲ್ಲುವ ಜನ ಕಡಿಮೆಯಾಗಿಲ್ಲ. ರೆವಿನ್ಯೂ ನಿವೇಶನ ಕೊಂಡವರು, ಪಾಲುಪಟ್ಟಿ ಮಾಡಿಕೊಳ್ಳುವ ಅಣ್ಣತಮ್ಮಂದಿರು, ಮುಂಗಡ ಕೊಟ್ಟು ಕರಾರು ಬರೆಸಿಕೊಂಡವರು, ಊರು ಬಿಟ್ಟು ಹೋದ ಮಾಲೀಕರಿಂದ ಅಧಿಕಾರ ಪತ್ರ ಪಡೆದವರು, ಎಲ್ಲರೂ ಅಲ್ಲಿಗೆ ಬರುತ್ತಾರೆ. "ನೋಟರಿ ಆಗಿದೆ" ಎಂಬ ಎರಡು ಮಾತು ಅವರಿಗೆ ಅರ್ಧ ನೋಂದಣಿಯಷ್ಟು ಧೈರ್ಯ ಕೊಡುತ್ತದೆ. ಆ ಧೈರ್ಯಕ್ಕೆ ಕಾನೂನಿನ ಆಧಾರ ಎಷ್ಟಿದೆ, ನೋಟರಿಯೇ ಮೈಮರೆತರೆ ಅವರನ್ನು ಕೇಳುವವರು ಯಾರು ಎಂಬುದು ಈ ಬರಹದ ವಿಷಯ. ನಾನೂ ವಕೀಲನೇ ಆದ್ದರಿಂದ ಇಲ್ಲಿನ ಕೆಲವು ಮಾತುಗಳು ಸಹೋದ್ಯೋಗಿಗಳಿಗೆ ರುಚಿಸಲಾರವು.

ನೋಟರಿಯ ಮೊಹರಿಗೆ ನಿಜವಾದ ಕಸುವು ಇರುವುದು ಅಧಿಕಾರ ಪತ್ರದ ವಿಷಯದಲ್ಲಿ. ನೋಟರಿಯ ಸಮಕ್ಷಮದಲ್ಲಿ ಬರೆದುಕೊಟ್ಟು ಅವರಿಂದ ದೃಢೀಕೃತವಾದ ಅಧಿಕಾರ ಪತ್ರವನ್ನು ನ್ಯಾಯಾಲಯವು ಸರಿಯಾಗಿಯೇ ಬರೆದುಕೊಟ್ಟದ್ದೆಂದು ಭಾವಿಸತಕ್ಕದ್ದು ಎಂದು 1872ರ ಸಾಕ್ಷ್ಯ ಅಧಿನಿಯಮದ 85ನೇ ಕಲಂ ಹೇಳುತ್ತಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಭಾವನೆಯನ್ನು ಹಾಗೆಯೇ ಉಳಿಸಿಕೊಂಡಿದೆ. ಅಂದರೆ ಪತ್ರ ಸುಳ್ಳೆಂದು ಸಾಬೀತುಪಡಿಸುವ ಭಾರ, ಆಸ್ತಿ ಕಳೆದುಕೊಂಡವನ ಹೆಗಲಿಗೇ ಬೀಳುತ್ತದೆ. ಮಾಲೀಕನು ಭಾರತದಲ್ಲೇ ವಾಸವಿದ್ದರೆ, ಅವನ ಪರವಾಗಿ ಪತ್ರವನ್ನು ನೋಂದಣಿಗೆ ಹಾಜರುಪಡಿಸುವ ಏಜೆಂಟನ ಅಧಿಕಾರ ಪತ್ರವು ನೋಂದಣಾಧಿಕಾರಿಯ ಮುಂದೆಯೇ ಆಗಿರಬೇಕು, ನೋಟರಿಯ ಮುಂದೆ ಆದದ್ದು ಸಾಲದು ಎಂದು 1908ರ ನೋಂದಣಿ ಅಧಿನಿಯಮದ 33ನೇ ಕಲಂ ಹೇಳುತ್ತದೆ. ಆದರೆ ಏಜೆಂಟನೇ ಕ್ರಯಪತ್ರಕ್ಕೆ ಸಹಿ ಹಾಕಿ, ತಾನೇ ಬರೆದುಕೊಟ್ಟವನೆಂಬ ನೆಲೆಯಲ್ಲಿ ಅದನ್ನು ಹಾಜರುಪಡಿಸಿದರೆ 33ನೇ ಕಲಂ ಅಡ್ಡ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪು ಕೊಟ್ಟಿತು. ತೀರ್ಪಿನ ತರ್ಕದಲ್ಲಿ ದೋಷವಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಅದರ ಫಲವಾಗಿ, ನೋಟರಿಯ ಮೇಜಿನ ಮೇಲೆ ಐದು ನಿಮಿಷದಲ್ಲಿ ಮುಗಿದ ಒಂದು ಪತ್ರವು ನೋಂದಾಯಿತ ಕ್ರಯಪತ್ರದ ಬೇರಾಗಿ ಕುಳಿತುಕೊಳ್ಳಬಲ್ಲದು.

ಇನ್ನೊಂದು ಬಗೆಯ ಪತ್ರ ಇದಕ್ಕಿಂತ ಸಣ್ಣದಾಗಿ ಕಾಣುತ್ತದೆ, ಆದರೆ ಹಳ್ಳಿಗಳಲ್ಲಿ ಅದರಿಂದ ಆಗುವ ಹಾನಿ ಸಣ್ಣದಲ್ಲ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿಕೊಳ್ಳಲು ವಂಶವೃಕ್ಷ ಬೇಕಾಗುತ್ತದೆ, ವಂಶವೃಕ್ಷಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ. ಗಂಡುಮಕ್ಕಳಿಬ್ಬರು ಬಂದು "ನಾವಿಬ್ಬರೇ ವಾರಸುದಾರರು" ಎಂದು ಬರೆದ ಹಾಳೆಗೆ ಸಹಿ ಮಾಡಿ ಮೊಹರು ಹಾಕಿಸಿಕೊಂಡು ಹೋಗುತ್ತಾರೆ. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಹೆಸರು ಅಲ್ಲಿ ಇರುವುದಿಲ್ಲ, ಅಥವಾ ಅವರು "ಹಕ್ಕು ಬಿಟ್ಟಿದ್ದೇವೆ" ಎಂದು ಹಾಕಿದ ಹೆಬ್ಬೆಟ್ಟು ಯಾರದೋ ಆಗಿರುತ್ತದೆ. ಪಹಣಿಯಲ್ಲಿ ಹೆಸರು ಬದಲಾದ ಎಷ್ಟೋ ವರ್ಷಗಳ ನಂತರ, ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಯಾರಾದರೂ ಹೇಳಿದಾಗ, ಅವರು ವಿಭಾಗದ ದಾವೆ ಹೂಡಲು ಬರುತ್ತಾರೆ. ಕಡತ ಬಿಚ್ಚಿದರೆ ಮೊದಲು ಕಾಣುವುದು ಆ ದುಂಡು ಮೊಹರು.

ಈ ಎರಡು ಉದಾಹರಣೆಗಳಲ್ಲಿ ನೋಟರಿಯ ತಪ್ಪು ಒಂದೇ ಅಲ್ಲ ಎಂಬುದನ್ನು ಮೊದಲೇ ಬೇರ್ಪಡಿಸಿ ಹೇಳಬೇಕು. ಪ್ರಮಾಣಪತ್ರದಲ್ಲಿ ಬರೆದ ಸಂಗತಿ ನಿಜವೋ ಸುಳ್ಳೋ ಎಂಬುದಕ್ಕೆ ನೋಟರಿ ಹೊಣೆಗಾರರಲ್ಲ. ಗಂಡುಮಕ್ಕಳಿಬ್ಬರೂ ಖುದ್ದಾಗಿ ಬಂದು ತಮ್ಮದೇ ಹೆಸರಿನಲ್ಲಿ ಸುಳ್ಳು ಹೇಳಿದ್ದರೆ ಆ ಪಾಪ ಅವರದೇ. ಪ್ರಮಾಣ ಮಾಡಿದವರನ್ನು ಗುರುತಿಸಿದ ಮಾತ್ರಕ್ಕೆ ವಕೀಲರು ಒಳಗಿನ ಬರಹಕ್ಕೆ ಬಾಧ್ಯರಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಮಹಾರಾಷ್ಟ್ರದಿಂದ ಬಂದ ಪ್ರಕರಣವೊಂದರಲ್ಲಿ ಹೇಳಿದೆ, ಅದು ಸರಿಯಾದ ಮಾತು. ನೋಟರಿ ಹೊಣೆ ಹೊರುವುದು ಬೇರೆ ಮೂರು ಸಂಗತಿಗಳಿಗೆ: ಸಹಿ ಹಾಕಿದವರು ನಿಜವಾಗಿ ತಮ್ಮ ಎದುರಿಗೆ ಬಂದಿದ್ದರೇ, ಅವರು ತಾವು ಹೇಳಿಕೊಂಡ ವ್ಯಕ್ತಿಯೇ ಹೌದೇ, ಪತ್ರದಲ್ಲಿ ನಮೂದಾದ ದಿನವೇ ಈ ಕೆಲಸ ನಡೆಯಿತೇ. ಅಮೆರಿಕದ ನೋಟರಿಯೊಬ್ಬರ ಮುಂದೆ ಆದ ಅಧಿಕಾರ ಪತ್ರದ ಪ್ರಶ್ನೆ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಬರೆದುಕೊಟ್ಟವರ ಗುರುತಿನ ಬಗ್ಗೆ ನೋಟರಿ ಖಾತರಿ ಮಾಡಿಕೊಂಡದ್ದು ಮೊದಲನೆಯ ಪತ್ರದಲ್ಲಿ ಕಾಣುತ್ತಿರಲಿಲ್ಲ. ಎರಡನೆಯದರಲ್ಲಿ ಆ ಕೊರತೆ ತುಂಬಿತ್ತು. ನ್ಯಾಯಾಲಯವು ಎರಡನೆಯದನ್ನು ಒಪ್ಪಿತು, ಮೊದಲನೆಯದರ ದೃಢೀಕರಣವನ್ನು ಒಪ್ಪಲಿಲ್ಲ. ಗುರುತು ನೋಡುವುದೇ ಈ ಕೆಲಸದ ತಿರುಳು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ನಿರ್ಲಕ್ಷ್ಯ ಹೇಗೆ ನಡೆಯುತ್ತದೆ ಎಂಬುದನ್ನು ನೋಟರಿಯವರ ಪಾಟೀ ಸವಾಲಿನಲ್ಲಿ ನೋಡಬೇಕು. ನಾನು ಪ್ರತಿವಾದಿಯ ಪರ ನಡೆಸಿದ ಒಂದು ದಾವೆಯಲ್ಲಿ ಹಿರಿಯ ನೋಟರಿಯೊಬ್ಬರನ್ನು ಅವರ ರಿಜಿಸ್ಟರಿನೊಂದಿಗೆ ಸಾಕ್ಷಿಗೆ ಕರೆಸಲಾಗಿತ್ತು. ಉದ್ದನೆಯ, ರಟ್ಟಿನ ಹೊದಿಕೆಯ ಪುಸ್ತಕ. ನಮ್ಮ ತಂಟೆಯ ಜಿಪಿಎ ಇದ್ದದ್ದು ಕ್ರಮಸಂಖ್ಯೆ 347-ಎ ಎಂಬ ನಮೂದಿನಲ್ಲಿ. ಪುಟದ ಉಳಿದ ನಮೂದುಗಳೆಲ್ಲ ಒಂದೊಂದು ಅಂಕಣದಲ್ಲಿ ಅಗಲವಾಗಿ ಕುಳಿತಿದ್ದರೆ, ಇದು ಮಾತ್ರ 347 ಮತ್ತು 348ರ ನಡುವೆ ಬೇರೆ ಶಾಯಿಯಲ್ಲಿ ಇಕ್ಕಟ್ಟಾಗಿ ಸೇರಿಕೊಂಡಿತ್ತು, ಬರೆದುಕೊಟ್ಟವರ ಸಹಿಯ ಜಾಗ ಖಾಲಿಯಿತ್ತು. ದಾಖಲಾದ ಸಾಕ್ಷ್ಯ ನಮ್ಮ ನ್ಯಾಯಾಲಯಗಳ ವಾಡಿಕೆಯ ಭಾಷೆಯಲ್ಲಿ ಹೀಗಿದೆ (ನಿಪಿ-1 ಎಂದರೆ ಆ ಜಿಪಿಎ): "ನಿಪಿ-1ನ್ನು ಬರೆದುಕೊಟ್ಟವರು ನನಗೆ ಮೊದಲಿನಿಂದ ಪರಿಚಯವಿರಲಿಲ್ಲ ಎಂದರೆ ಸರಿ. ಅವರ ಗುರುತಿನ ಚೀಟಿಯನ್ನು ನಾನು ನೋಡಿಲ್ಲ ಎಂದರೆ ಸರಿ. ಸಾಕ್ಷಿ ಮುಂದುವರಿದು, ಪರಿಚಯದ ವಕೀಲರು ಗುರುತಿಸಿ ಸಹಿ ಮಾಡಿದ್ದರಿಂದ ನಂಬಿದೆ ಎಂದು ನುಡಿಯುತ್ತಾರೆ. ಬರೆದುಕೊಟ್ಟವರು ನನ್ನ ಕಛೇರಿಗೆ ಬಂದಿರಲೇ ಇಲ್ಲ ಎಂದರೆ ಸರಿಯಲ್ಲ." ಗುರುತಿಸಿದ ವಕೀಲರನ್ನು ಕೇಳಿದರೆ ಅವರು ಗುಮಾಸ್ತನ ಕಡೆ ಬೆರಳು ತೋರಿಸಿದರು, ಗುಮಾಸ್ತನು ಪತ್ರ ಬರಹಗಾರ ತಂದುಕೊಟ್ಟದ್ದೆಂದ. ಬಿಕ್ಕಲಂ (ಪತ್ರ ಬರೆದವನೆಂಬ ಸಹಿ) ಹಾಕಿದ ಪತ್ರ ಬರಹಗಾರ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಇವರಲ್ಲಿ ಯಾರೊಬ್ಬರೂ ಮೋಸಕ್ಕೆ ದುಡ್ಡು ತೆಗೆದುಕೊಂಡವರಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ. ಪ್ರತಿಯೊಬ್ಬರೂ ತಮ್ಮ ಹಿಂದಿನವನು ನೋಡಿರುತ್ತಾನೆ ಎಂದುಕೊಂಡರು, ಅಷ್ಟೆ. ಆದರೆ ನೋಡಲೆಂದೇ ಕಾನೂನು ನೇಮಿಸಿದ್ದು ಒಬ್ಬರನ್ನು ಮಾತ್ರ.

ಅಂಥವರ ಮೇಲೆ ಶಿಸ್ತುಕ್ರಮದ ದಾರಿ ಯಾವುದು? ನಮ್ಮಲ್ಲಿ ಎರಡು ದಾರಿಗಳಿವೆ, ಎರಡೂ ಬೇರೆ ಬೇರೆ ಬಾಗಿಲಿಗೆ ಹೋಗುತ್ತವೆ. ಮೊದಲನೆಯದು 1952ರ ನೋಟರಿಗಳ ಅಧಿನಿಯಮ ಮತ್ತು 1956ರ ನಿಯಮಗಳು. ಕೇಂದ್ರ ಸರ್ಕಾರ ಮತ್ತು ರಾಜ್ಯ ಸರ್ಕಾರಗಳೆರಡೂ ನೋಟರಿಗಳನ್ನು ನೇಮಿಸುತ್ತವೆ. ಸಾಮಾನ್ಯವಾಗಿ 10 ವರ್ಷ ವಕೀಲಿ ಮಾಡಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ ಮತ್ತು ಮಹಿಳೆಯರಿಗೆ 7 ವರ್ಷ ಸಾಕು. ವೃತ್ತಿಯ ಪ್ರಮಾಣಪತ್ರ 5 ವರ್ಷಗಳದ್ದು, ಆಮೇಲೆ ನವೀಕರಿಸಿಕೊಳ್ಳಬೇಕು. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ನೋಟರಿಯ ಹೆಸರನ್ನು ರಿಜಿಸ್ಟರಿನಿಂದ ತೆಗೆಯಲು 10ನೇ ಕಲಂ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ವಿಚಾರಣೆಯ ಕ್ರಮವನ್ನು 13ನೇ ನಿಯಮ ಹೇಳುತ್ತದೆ: ಸರ್ಕಾರ ತಾನಾಗಿಯೇ ಆರಂಭಿಸಬಹುದು, ಇಲ್ಲವೇ ನಮೂನೆ 13ರಲ್ಲಿ ಬಂದ ದೂರಿನ ಮೇಲೆ ಆರಂಭಿಸಬಹುದು, ಸಕ್ಷಮ ಪ್ರಾಧಿಕಾರ ವಿಚಾರಿಸಿ ವರದಿ ಕೊಡುತ್ತದೆ, ಸರ್ಕಾರವು ಪ್ರಮಾಣಪತ್ರ ರದ್ದುಪಡಿಸಿ ಶಾಶ್ವತವಾಗಿ ನಿಷೇಧಿಸಬಹುದು, ಒಂದು ಅವಧಿಗೆ ಅಮಾನತಿನಲ್ಲಿಡಬಹುದು, ಅಥವಾ ಎಚ್ಚರಿಕೆ ಕೊಟ್ಟು ಬಿಡಬಹುದು. ಆದರೆ ಈ ಬಾಗಿಲಿನಲ್ಲಿ ಹೋದ ಶಿಕ್ಷೆ ನೋಟರಿಯ ಕೆಲಸವನ್ನು ಮಾತ್ರ ತಟ್ಟುತ್ತದೆ. ಮೊಹರು ಕಳೆದುಕೊಂಡವರು ಮರುದಿನ ಅದೇ ನ್ಯಾಯಾಲಯದಲ್ಲಿ ಕಪ್ಪು ಕೋಟು ತೊಟ್ಟು ಯಥಾಪ್ರಕಾರ ವಾದ ಮಾಡಬಹುದು.

ಎರಡನೆಯದು 1961ರ ವಕೀಲರ ಅಧಿನಿಯಮದ 35ನೇ ಕಲಂ. ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿಯು ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಮೇಲ್ಮನವಿ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೆ. ಇಲ್ಲಿ ತೊಡಕಾಗುವುದು ನಿರ್ಲಕ್ಷ್ಯದ ಅಳತೆ. ಬರಿಯ ನಿರ್ಲಕ್ಷ್ಯ ಅಥವಾ ತಿಳಿವಳಿಕೆಯ ತಪ್ಪು ವೃತ್ತಿ ದುರ್ನಡತೆಯಲ್ಲ, ಘೋರ ನಿರ್ಲಕ್ಷ್ಯವಾದರೆ ಅದರಲ್ಲಿ ನೈತಿಕ ಅಧಃಪತನವಿದೆಯೇ ಎಂದು ನೋಡಬೇಕಾಗುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಹೇಳಿದ್ದು ಇಂದಿಗೂ ಎಲ್ಲ ಶಿಸ್ತು ಸಮಿತಿಗಳ ಮುಂದೆ ಓದಲಾಗುವ ಮಾತು. ನ್ಯಾಯಾಲಯದಲ್ಲಿ ವಾಯಿದೆ ತಪ್ಪಿಸಿದ, ಮೇಲ್ಮನವಿ ತಡ ಮಾಡಿದ ವಕೀಲರಿಗೆ ಈ ಅಳತೆ ನ್ಯಾಯವಾದದ್ದೇ. ಹೈದರಾಬಾದಿನಲ್ಲಿ ವಿಜಯಾ ಬ್ಯಾಂಕಿನ ಗೃಹಸಾಲಗಳಿಗೆ ತಪ್ಪು ಹಕ್ಕುಪತ್ರ ಅಭಿಪ್ರಾಯ ಕೊಟ್ಟ ವಕೀಲರೊಬ್ಬರ ಮೇಲಿನ ಕ್ರಿಮಿನಲ್ ಪ್ರಕರಣದಲ್ಲಿ, ಅಭಿಪ್ರಾಯ ತಪ್ಪಾದ ಮಾತ್ರಕ್ಕೆ ಅವರನ್ನು ಸಂಚಿನ ಪಾಲುದಾರರೆನ್ನಲಾಗದು, ಹೆಚ್ಚೆಂದರೆ ಘೋರ ನಿರ್ಲಕ್ಷ್ಯಕ್ಕೆ ವೃತ್ತಿ ದುರ್ನಡತೆಯ ಕ್ರಮ ಆಗಬಹುದು ಎಂದು 2012ರಲ್ಲಿ ತೀರ್ಪಾಯಿತು. ಅಭಿಪ್ರಾಯದಲ್ಲಿ ವಿವೇಚನೆಯ ಪಾಲಿರುವುದರಿಂದ ಅದೂ ಒಪ್ಪತಕ್ಕದ್ದೇ.

ಆದರೆ ಎದುರಿಗೆ ಮನುಷ್ಯ ನಿಂತಿದ್ದಾನೋ ಇಲ್ಲವೋ ಎಂಬುದರಲ್ಲಿ ವಿವೇಚನೆಯ ಪಾಲು ಎಲ್ಲಿದೆ? ಇದು ತಿಳಿವಳಿಕೆಯ ತಪ್ಪಾಗುವಂಥ ವಿಷಯವಲ್ಲ. "ನನ್ನ ಸಮಕ್ಷಮದಲ್ಲಿ ಸಹಿ ಮಾಡಿದರು" ಎಂದು ಬರೆದು ಕೆಳಗೆ ಸಹಿ ಹಾಕಿದವರು, ಆ ಸಮಕ್ಷಮವೇ ಇರಲಿಲ್ಲವೆಂದಾದರೆ, ಅಜಾಗರೂಕತೆಯ ಜೊತೆಗೆ ಸುಳ್ಳನ್ನೂ ಬರೆದಿದ್ದಾರೆ. ಹೈದರಾಬಾದಿನದೇ ಆದ ಇನ್ನೊಂದು ಪ್ರಕರಣ 1984ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ನ್ಯಾಯಾಲಯ ಇದನ್ನು ಹೀಗೆಯೇ ಕಂಡಿತು. ಪ್ರಮಾಣ ಮಾಡಬೇಕಾದವರು ಎದುರಿಗಿಲ್ಲದೆಯೇ ವಕೀಲರೊಬ್ಬರು ಪ್ರಮಾಣಪತ್ರವನ್ನು ದೃಢೀಕರಿಸಿದ್ದರು. ಆಸ್ತಿ ವರ್ಗಾವಣೆಗೆ ಬೇಕಾದ ಆದಾಯ ತೆರಿಗೆ ತೀರುವಳಿ ಪತ್ರ ಪಡೆಯಲು ಆ ನಕಲಿ ಪ್ರಮಾಣಪತ್ರ ಬಳಕೆಯಾಗಿತ್ತು. ಕೊನೆಗೆ ಆ ವಕೀಲರಿಗೆ ಐದು ವರ್ಷಗಳ ಅಮಾನತಾಯಿತು. 1963ರ ಮಾತನ್ನು ಓದುವ ವಕೀಲರು 1984ರ ಮಾತನ್ನೂ ಓದಬೇಕು ಎಂಬುದು ನನ್ನ ಆಗ್ರಹ.

ಎರಡು ಬಾಗಿಲುಗಳಿದ್ದರೆ ದೂರುದಾರನಿಗೆ ಅನುಕೂಲವೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದಕ್ಕೆ ಕಾನೂನೇ ಜಾಗ ಮಾಡಿಕೊಟ್ಟಂತಾಗಿದೆ: ನೋಟರಿಯಾಗಿ ಮಾಡಿದ ಕೆಲಸವಾದ್ದರಿಂದ ಸರ್ಕಾರವೇ ನೋಡಿಕೊಳ್ಳಲಿ ಎಂದು ವಕೀಲರ ಪರಿಷತ್ತಿನ ಮುಂದೆ ವಾದಿಸಬಹುದು, ಗುರುತಿಸಿದ ವಕೀಲರ ತಪ್ಪು ಎಂದು ಸರ್ಕಾರದ ಮುಂದೆ ವಾದಿಸಬಹುದು. ಮೂರನೆಯ ದಾರಿಯಾದ ಪೊಲೀಸು ಠಾಣೆಗೆ ನೋಟರಿಗಳ ಅಧಿನಿಯಮದ 13ನೇ ಕಲಂ ಅಡ್ಡ ನಿಂತಿದೆ. ನೋಟರಿಯು ತನ್ನ ಕರ್ತವ್ಯದ ನಿರ್ವಹಣೆಯಲ್ಲಿ ಮಾಡಿದ ಅಪರಾಧವನ್ನು, ಸರ್ಕಾರದಿಂದ ಅಧಿಕೃತನಾದ ಅಧಿಕಾರಿ ಲಿಖಿತ ದೂರು ಕೊಡದ ಹೊರತು ಯಾವ ನ್ಯಾಯಾಲಯವೂ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯವೂ ಈ ಕಲಮಿನ ಆಧಾರದ ಮೇಲೆ ನೋಟರಿಗಳ ಮೇಲಿನ ಪೊಲೀಸು ಪ್ರಕರಣಗಳನ್ನು ರದ್ದುಪಡಿಸಿದೆ. ದಿನಕ್ಕೆ ಹತ್ತಾರು ಅಪರಿಚಿತರ ಪತ್ರಗಳಿಗೆ ಮೊಹರು ಹಾಕುವವರಿಗೆ ಇಂಥ ರಕ್ಷಣೆ ಬೇಕು. ಇಲ್ಲವಾದರೆ ಪ್ರತಿ ಆಸ್ತಿ ಜಗಳದಲ್ಲೂ ನೋಟರಿಯನ್ನು ಆರೋಪಿಯಾಗಿಸುವುದು ಸೋತ ಕಡೆಯವರಿಗೆ ಚಾಳಿಯಾದೀತು. ಆದರೆ ಕ್ರಿಮಿನಲ್ ದಾರಿಯನ್ನು ಇಷ್ಟು ಕಿರಿದು ಮಾಡಿದ ಮೇಲೆ ಶಿಸ್ತಿನ ದಾರಿಯಾದರೂ ಅಗಲವಾಗಿರಬೇಡವೇ? ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ.

ಈ ವಿಷಯದಲ್ಲಿ ಫಿಲಿಪ್ಪೀನ್ಸ್ ದೇಶದ ಕ್ರಮವನ್ನು ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಅಲ್ಲಿಯೂ ನೋಟರಿಗಳು ವಕೀಲರೇ. ಅಲ್ಲಿ ನೋಟರಿಯ ಮೊಹರಿನ ತೂಕ ನಮ್ಮದಕ್ಕಿಂತ ಹೆಚ್ಚು, ಖಾಸಗಿ ಪತ್ರವೊಂದು ಅದರಿಂದ ಸಾರ್ವಜನಿಕ ದಾಖಲೆಯೇ ಆಗಿ ಬೇರೆ ರುಜುವಾತಿಲ್ಲದೆ ಸಾಕ್ಷ್ಯಕ್ಕೆ ಸಲ್ಲುತ್ತದೆ. 2004ರ ನೋಟರಿ ನಿಯಮಗಳ ಪ್ರಕಾರ ಬರೆದುಕೊಟ್ಟವರು ಖುದ್ದಾಗಿ ಹಾಜರಿರಬೇಕು, ಭಾವಚಿತ್ರ ಮತ್ತು ಸಹಿ ಇರುವ ಸರ್ಕಾರಿ ಗುರುತಿನ ಚೀಟಿ ತೋರಿಸಬೇಕು. ಭಾವಚಿತ್ರವಿಲ್ಲದ ಸಮುದಾಯ ತೆರಿಗೆ ರಶೀದಿಯನ್ನು ನೋಡಿ ಮೊಹರು ಹಾಕಿದ್ದಕ್ಕೇ ಅಲ್ಲಿ ವಕೀಲರು ಶಿಕ್ಷೆ ಅನುಭವಿಸಿದ್ದಾರೆ. ನೇಮಕ ಎರಡು ವರ್ಷಗಳದ್ದು. ತಿಂಗಳ ನಮೂದುಗಳ ಪ್ರತಿಯನ್ನು ಮುಂದಿನ ತಿಂಗಳ ಮೊದಲ ಹತ್ತು ದಿನಗಳೊಳಗೆ ನ್ಯಾಯಾಲಯದ ಕಛೇರಿಗೆ ಒಪ್ಪಿಸಬೇಕು. ತೀರಿಕೊಂಡವರ ಸಹಿಯಿರುವ ಕ್ರಯಪತ್ರಗಳಿಗೆ ಮೊಹರು ಹಾಕಿದ ಪ್ರಕರಣಗಳು ಅಲ್ಲಿಯೂ ಮೇಲಿಂದ ಮೇಲೆ ಬರುತ್ತವೆ, ಮನುಷ್ಯ ಸ್ವಭಾವ ಎಲ್ಲ ಕಡೆಯೂ ಒಂದೇ. ವ್ಯತ್ಯಾಸವಿರುವುದು ಮುಂದಿನದರಲ್ಲಿ. ನೋಟರಿಯಾಗಿಯೂ ವಕೀಲರಾಗಿಯೂ ಅವರನ್ನು ಶಿಕ್ಷಿಸುವ ಅಧಿಕಾರ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಒಂದೇ ಕೈಯಲ್ಲಿದೆ. ಇಂಥ ಬಹಳಷ್ಟು ಪ್ರಕರಣಗಳಲ್ಲಿ ನೋಟರಿ ನೇಮಕ ತಕ್ಷಣ ರದ್ದು, ಎರಡು ವರ್ಷ ಮರುನೇಮಕವಿಲ್ಲ, ಜೊತೆಗೆ ವಕೀಲಿಯಿಂದಲೂ ಆರು ತಿಂಗಳು, ಒಂದು ವರ್ಷ ಅಥವಾ ಎರಡು ವರ್ಷ ಅಮಾನತು ಎಂದು ಒಂದೇ ಆದೇಶದಲ್ಲಿ ಮುಗಿದಿದೆ. "ಗುಮಾಸ್ತರು ತಂದಿಟ್ಟರು, ನಾನು ಸಹಿ ಹಾಕಿದೆ" ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ನೋಟರಿಯು ವರ್ಷಕ್ಕೊಮ್ಮೆ, ಜನವರಿಯ ಮೊದಲ ವಾರದಲ್ಲಿ, ತಾನು ಮಾಡಿದ ಕೆಲಸದ ವಾರ್ಷಿಕ ವರದಿಯನ್ನು ಸರ್ಕಾರಕ್ಕೆ ಕಳುಹಿಸಬೇಕು. ಮೂಲ ರಿಜಿಸ್ಟರ್ ನೋಟರಿಯ ಬೀರುವಿನಲ್ಲೇ ಇರುತ್ತದೆ. 347-ಎ ಎಂಬ ನಮೂದು ಹುಟ್ಟುವುದು ಆ ಬೀರುವಿನಲ್ಲಿ. ತಿಂಗಳ ಪುಟಗಳ ಪ್ರತಿ ಬೇರೊಂದು ಕಛೇರಿಗೆ ಹೋಗುವಂತಿದ್ದರೆ, ನಂತರ ನಡುವೆ ತುರುಕಿದ ಸಾಲು ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟ ಕೂಡಲೇ ಸಿಕ್ಕಿಬೀಳುತ್ತದೆ. ಸಹಿಯ ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತನ್ನೂ ರಿಜಿಸ್ಟರಿನಲ್ಲಿ ಪಡೆಯುವುದನ್ನು ನಿಯಮವೇ ಕಡ್ಡಾಯ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಕೆಲವು ನೋಟರಿಗಳು ಈಗಾಗಲೇ ತಮ್ಮಷ್ಟಕ್ಕೆ ಹೀಗೆ ಮಾಡುತ್ತಾರೆ, ಬಂದವರ ಭಾವಚಿತ್ರವನ್ನೂ ಪುಟಕ್ಕೆ ಅಂಟಿಸುತ್ತಾರೆ. ಅಂಥವರ ಪತ್ರ ವಿವಾದಕ್ಕೆ ಬಂದಾಗ ಪಾಟೀ ಸವಾಲು ಹತ್ತು ನಿಮಿಷದಲ್ಲಿ ಮುಗಿಯುವುದನ್ನು ನೋಡಿದ್ದೇನೆ.

ಸಹೋದ್ಯೋಗಿಗಳ ಆಕ್ಷೇಪ ನನಗೆ ತಿಳಿದಿದೆ. ಸರ್ಕಾರ ಗೊತ್ತುಪಡಿಸಿದ ಶುಲ್ಕ ಅಲ್ಪ, ಮೇಜಿನ ಮುಂದೆ ಸಾಲು ದೊಡ್ಡದು, ಹಿರಿಯ ವಕೀಲರು ಕಳುಹಿಸಿದ ಕಾಗದಕ್ಕೆ "ಕಕ್ಷಿದಾರರು ಎಲ್ಲಿ ಸಾರ್?" ಎಂದು ಕೇಳಿದರೆ ಮುಖ ಕೆಡುತ್ತದೆ. ಶುಲ್ಕ ಹೆಚ್ಚಿಸಬೇಕೆಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮುಖ ಕೆಡುವ ಮಾತನ್ನು ಮಾತ್ರ ಒಪ್ಪಲಾರೆ. ಹಾಸಿಗೆ ಹಿಡಿದ ವೃದ್ಧರ ಮನೆಗೆ ನೋಟರಿ ಹೋಗುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಹೋಗಿ ಬಂದ ನೋಟರಿಗಳನ್ನೂ ಬಲ್ಲೆ. ಆದ್ದರಿಂದ "ಬರಲಾಗಲಿಲ್ಲ, ಪಾಪ" ಎಂಬುದು ಮೊಹರು ಹಾಕಿದ್ದಕ್ಕೆ ಸಮರ್ಥನೆಯಾಗದು.

ತಮ್ಮ ಹೆಸರಿನಲ್ಲಿ ಇಂಥ ಪತ್ರ ಹುಟ್ಟಿದೆಯೆಂದು ತಿಳಿದವರು ಮೊದಲು ಮೊಹರನ್ನು ಓದಬೇಕು. ಐದು ಸೆಂಟಿಮೀಟರ್ ವ್ಯಾಸದ ಆ ದುಂಡು ಮೊಹರಿನಲ್ಲಿ ನೋಟರಿಯ ಹೆಸರು, ಕಾರ್ಯವ್ಯಾಪ್ತಿ, ನೋಂದಣಿ ಸಂಖ್ಯೆ ಮತ್ತು ನೇಮಿಸಿದ ಸರ್ಕಾರ ಯಾವುದೆಂಬುದು ಇರುತ್ತದೆ. ದೂರು ದೆಹಲಿಗೋ ಬೆಂಗಳೂರಿಗೋ ಎಂಬುದು ಅದರಿಂದ ಗೊತ್ತಾಗುತ್ತದೆ. ನಮೂನೆ 13ರಲ್ಲಿ ದೂರು ಬರೆಯುವಾಗ ಪತ್ರ ಸುಳ್ಳೆಂಬ ದೊಡ್ಡ ಕಥೆಗಿಂತ, ಆ ದಿನ ತಾವು ಎಲ್ಲಿದ್ದಿರಿ ಎಂಬುದರ ದಾಖಲೆಯನ್ನು ಮುಂದಿಡುವುದು ಮುಖ್ಯ: ಆಸ್ಪತ್ರೆಯ ಒಳರೋಗಿ ಚೀಟಿ, ಕಛೇರಿಯ ಹಾಜರಿ, ಪಾಸ್‌ಪೋರ್ಟಿನ ಮುದ್ರೆ, ತೀರಿಕೊಂಡವರಾದರೆ ಮರಣ ಪ್ರಮಾಣಪತ್ರ. ರಿಜಿಸ್ಟರಿನ ಸಂಬಂಧಪಟ್ಟ ಪುಟವನ್ನು ಮಾತ್ರವಲ್ಲದೆ ಅದರ ಹಿಂದಿನ ಮತ್ತು ಮುಂದಿನ ಪುಟಗಳನ್ನೂ ತರಿಸುವಂತೆ ದೂರಿನಲ್ಲೇ ಕೋರಿಕೊಳ್ಳಬೇಕು. ಗುರುತಿಸಿದ ವಕೀಲರ ಸಹಿ ಪತ್ರದಲ್ಲಿದ್ದರೆ ಅವರ ಮೇಲಿನ ದೂರು ಪ್ರತ್ಯೇಕವಾಗಿ ರಾಜ್ಯ ವಕೀಲರ ಪರಿಷತ್ತಿಗೆ ಹೋಗಬೇಕು. ಪರಿಷತ್ತಿನ ಶಿಸ್ತು ಸಮಿತಿ ಒಂದು ವರ್ಷದೊಳಗೆ ತೀರ್ಮಾನಿಸದಿದ್ದರೆ ಪ್ರಕರಣವು ವಕೀಲರ ಅಧಿನಿಯಮದ 36-ಬಿ ಕಲಮಿನ ಪ್ರಕಾರ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ, ಆ ದಿನಾಂಕವನ್ನು ದೂರುದಾರರೇ ಬರೆದಿಟ್ಟುಕೊಂಡಿರಬೇಕು. ಇವೆರಡರಲ್ಲಿ ಯಾವುದೂ ಕ್ರಯಪತ್ರವನ್ನು ರದ್ದುಮಾಡುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲೇಬೇಕು, ವಂಚನೆ ತಿಳಿದ ದಿನದಿಂದ ಮೂರು ವರ್ಷಗಳ ಕಾಲಮಿತಿ ಓಡತೊಡಗಿರುತ್ತದೆ.